ರಾತ್ರಿ ಹಿಟ್ಟು ರುಬ್ಬಿಟ್ಟರೆ ಬೆಳಗ್ಗೆ ದೋಸೆ: ದಿನಾ ಕೋಡ್ ಬರೆಯುವ ಅಭ್ಯಾಸಕ್ಕೆ ಸಮಗ್ರ ಮಾರ್ಗದರ್ಶಿ

ದಿನಾ ಕೋಡ್ ಬರೆಯಬೇಕು ಅಂತ ನಾನು ಮೂರು ಸಲ ಶುರು ಮಾಡಿ ಮೂರು ಸಲ ಬಿಟ್ಟಿದ್ದೇನೆ. ಮೊದಲ ಸಲ 9 ದಿನ, ಎರಡನೇ ಸಲ 14 ದಿನ ನಡೆಯಿತು. ಮೂರನೆಯದು ನಾಲ್ಕೇ ದಿನ, ಅದನ್ನು ಲೆಕ್ಕಕ್ಕೆ ಹಿಡಿಯಲು ನಾಚಿಕೆ. ಆಮೇಲೆ ಒಂದು ದಿನ ಕೂತು ಯೋಚಿಸಿದೆ, ಬಿಟ್ಟದ್ದು ಯಾಕೆ ಅಂತ. ಮೂರೂ ಸಲ ಆದದ್ದು ಒಂದೇ. ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆದಿದ್ದೆ. ‘ಇವತ್ತು ಏನು ಬರೆಯೋಣ?’ ಅಂತ ಹುಡುಕುತ್ತಾ ಯೂಟ್ಯೂಬ್‌ಗೆ ಹೋಗಿದ್ದೆ. ಅಲ್ಲಿಂದ ವಾಪಸ್ ಬಂದಿರಲಿಲ್ಲ. ಕೋಡ್ ಕಷ್ಟ ಅಂತ ಬಿಟ್ಟದ್ದು ಒಂದು ಸಲವೂ ಇಲ್ಲ.

ಮನೆಯಲ್ಲಿ ಬೆಳಗ್ಗೆ ಏಳಕ್ಕೆ ದೋಸೆ ಆಗಬೇಕು ಅಂದರೆ ಹಿಂದಿನ ದಿನವೇ ಅಕ್ಕಿ, ಉದ್ದು ನೆನೆಹಾಕಿ ರಾತ್ರಿ ರುಬ್ಬಿಟ್ಟಿರುತ್ತಾರೆ. ಬೆಳಗ್ಗೆ ಎದ್ದು ‘ಇವತ್ತು ದೋಸೆ ಮಾಡೋಣವಾ, ಬೇಡವಾ’ ಅಂತ ಯಾರೂ ಚರ್ಚೆ ಮಾಡುವುದಿಲ್ಲ. ಹಿಟ್ಟು ಉಕ್ಕಿ ಕೂತಿರುತ್ತದೆ, ಹುಯ್ಯಲೇಬೇಕು. ನಾಲ್ಕನೇ ಸಲ ನಾನು ಬದಲಾಯಿಸಿದ್ದು ಮುಖ್ಯವಾಗಿ ಇದೊಂದನ್ನೇ. ನಾಳೆ ಬರೆಯಬೇಕಾದದ್ದನ್ನು ಇವತ್ತೇ ಫೈಲಿನಲ್ಲಿ ಇಟ್ಟು ಮಲಗುತ್ತೇನೆ. ಎರಡು ವರ್ಷ ದಾಟಿದೆ, ಇನ್ನೂ ನಡೆಯುತ್ತಿದೆ.

ವೇರಿಯಬಲ್, ಇಫ್, ಲೂಪ್ ಇಷ್ಟು ಗೊತ್ತಿದ್ದು ಮುಂದೆ ಕೈ ಓಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗಳೆಲ್ಲ ಪೈಥಾನ್‌ನವು. ಬೇರೆ ಭಾಷೆಯವರೂ ಹಾಗೇ ಹೊಂದಿಸಿಕೊಳ್ಳಬಹುದು.

ಹಂತ 1: ಒಂದು ಭಾಷೆ, ಒಂದು ಫೋಲ್ಡರ್

ಭಾಷೆ ಯಾವುದು ಅನ್ನುವ ಚರ್ಚೆಯಲ್ಲೇ ಒಂದು ತಿಂಗಳು ಕಳೆದವರನ್ನು ನೋಡಿದ್ದೇನೆ. ಕಾಲೇಜಿನಲ್ಲಿ ಜಾವಾ ಇದ್ದರೆ ಜಾವಾ. ಕೆಲಸದಲ್ಲಿ ಜಾವಾಸ್ಕ್ರಿಪ್ಟ್ ಇದ್ದರೆ ಅದೇ. ಏನೂ ಇಲ್ಲದಿದ್ದರೆ ಪೈಥಾನ್. ಆರು ತಿಂಗಳು ಬದಲಾಯಿಸಬೇಡಿ.

‘ಅಭ್ಯಾಸ’ ಅಂತ ಒಂದು ಫೋಲ್ಡರ್ ಮಾಡಿ. ದಿನಕ್ಕೊಂದು ಫೈಲ್, ಹೆಸರು ಆ ದಿನದ ತಾರೀಖು. ಆಮೇಲೆ ಗಡಿಯಾರ ನೋಡಿಕೊಂಡು ಒಂದು ಪರೀಕ್ಷೆ ಮಾಡಿ. ಲ್ಯಾಪ್‌ಟಾಪ್ ತೆರೆದ ಹೊತ್ತಿನಿಂದ ಮೊದಲ ಸಾಲು ಟೈಪ್ ಮಾಡುವ ಹೊತ್ತಿಗೆ ಒಂದು ನಿಮಿಷಕ್ಕಿಂತ ಜಾಸ್ತಿ ಆದರೆ ಏನೋ ಅಡ್ಡ ಇದೆ ಅಂತ ಅರ್ಥ. ಎಡಿಟರ್ ಅಪ್‌ಡೇಟ್ ಕೇಳುತ್ತಿರಬಹುದು, ಫೋಲ್ಡರ್ ಎಲ್ಲೋ ಆಳದಲ್ಲಿ ಇರಬಹುದು. ಒಂದು ಭಾನುವಾರ ಕೂತು ಅದನ್ನು ಸರಿಮಾಡಿಕೊಳ್ಳಿ. ಅದನ್ನು ಅಭ್ಯಾಸದ ಲೆಕ್ಕಕ್ಕೆ ಸೇರಿಸಬೇಡಿ.

ಲ್ಯಾಪ್‌ಟಾಪ್ ಇಲ್ಲವೇ? ಆಂಡ್ರಾಯ್ಡ್ ಫೋನಿನಲ್ಲಿ ಪೈಡ್ರಾಯ್ಡ್ 3 ಅಥವಾ ಟರ್ಮಕ್ಸ್ ಅನ್ನುವ ಆ್ಯಪ್ ಸಾಕು. ಇಂಟರ್ನೆಟ್ ಚೆನ್ನಾಗಿದ್ದರೆ ಗೂಗಲ್ ಕೊಲ್ಯಾಬ್ ಬ್ರೌಸರಿನಲ್ಲೇ ನಡೆಯುತ್ತದೆ. ಫೋನಿನ ಕೀಬೋರ್ಡಿನಲ್ಲಿ ಬ್ರಾಕೆಟ್ ಹುಡುಕುವುದು ಹಿಂಸೆ, ಒಪ್ಪುತ್ತೇನೆ. ಹತ್ತು ಸಾಲಿನ ಪ್ರೋಗ್ರಾಮಿಗೆ ಆ ಹಿಂಸೆ ತಡೆದುಕೊಳ್ಳಬಹುದು.

ಹಂತ 2: ಗಂಟೆ ಬೇಡ, ಗೂಟ ಬೇಕು

‘ದಿನಾ ರಾತ್ರಿ ಒಂಬತ್ತಕ್ಕೆ’ ಅಂತ ಅಲಾರಂ ಇಟ್ಟೆ. ಒಂಬತ್ತಕ್ಕೆ ಒಂದು ದಿನ ಟ್ರಾಫಿಕ್ಕಿನಲ್ಲಿ, ಇನ್ನೊಂದು ದಿನ ಫೋನಿನಲ್ಲಿ, ಮತ್ತೊಂದು ದಿನ ಊಟದ ತಟ್ಟೆಯ ಮುಂದೆ ಇದ್ದೆ. ಗಡಿಯಾರಕ್ಕಿಂತ ದಿನಾ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಇದನ್ನು ಕಟ್ಟಿಹಾಕುವುದು ವಾಸಿ. ಬೆಳಗಿನ ಕಾಫಿ ಮುಗಿದ ಮೇಲೆ, ಮಗುವನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿ ಬಂದ ಮೇಲೆ, ಹೀಗೆ. ‘ಇದು ಆದಾಗ ಅದನ್ನು ಮಾಡುತ್ತೇನೆ’ ಅಂತ ಮೊದಲೇ ಗೊತ್ತುಮಾಡಿಕೊಂಡರೆ ಮಾಡುವ ಸಾಧ್ಯತೆ ಹೆಚ್ಚುತ್ತದೆ ಅಂತ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ 1990ರ ದಶಕದಲ್ಲೇ ತೋರಿಸಿದ್ದಾರೆ. ನನ್ನ ಗೂಟ ಬೆಳಗಿನ ಕಾಫಿ. ಲೋಟ ತೊಳೆದಿಟ್ಟ ತಕ್ಷಣ ಕುರ್ಚಿ.

ಎಷ್ಟು ಹೊತ್ತು? 20 ನಿಮಿಷ. ಇದು ಕಡಿಮೆ ಆಯಿತು ಅನ್ನಿಸುತ್ತದೆ, ಅನ್ನಿಸಲಿ. ಮೊದಲ ದಿನದ ಹುರುಪಿನಲ್ಲಿ ಮೂರು ಗಂಟೆ ಕೂತವರಿಗೆ ಮೂರನೇ ದಿನ ಆ ಮೂರು ಗಂಟೆಯೇ ತೀರಿಸಬೇಕಾದ ಸಾಲದ ಹಾಗೆ ಕಾಣುತ್ತದೆ. ಇನ್ನು ಜ್ವರ, ಪ್ರಯಾಣ, ಮನೆ ತುಂಬಾ ನೆಂಟರು ಇರುವ ದಿನಕ್ಕೆ ಬೇರೆ ಅಳತೆ ಇರಲಿ. ಓಡುವ ಒಂದು ಸಾಲು ಬರೆದರೂ ಆ ದಿನ ಆಯಿತು.

ಶನಿವಾರ, ಭಾನುವಾರ ಒಟ್ಟಿಗೆ ನಾಲ್ಕು ಗಂಟೆ ಕೂರುತ್ತೇನೆ ಅನ್ನುವವರು ಇದ್ದಾರೆ. ಜೆಕ್ವೆರಿ ಅನ್ನುವ ಜಾವಾಸ್ಕ್ರಿಪ್ಟ್ ಲೈಬ್ರರಿ ಬರೆದ ಜಾನ್ ರೆಸಿಗ್ ಅಂಥವರಿಗೇ ವಾರಾಂತ್ಯದ ಲೆಕ್ಕ ಹೊಂದಲಿಲ್ಲ. ತಮ್ಮ ಸ್ವಂತ ಪ್ರಾಜೆಕ್ಟುಗಳಿಗೆ ದಿನಾ ಸ್ವಲ್ಪ ಕೋಡ್ ಬರೆಯುವ ನಿಯಮ ಹಾಕಿಕೊಂಡದ್ದನ್ನು ಅವರು 2014ರಲ್ಲಿ ಬರೆದರು. ವಾರ ಬಿಟ್ಟು ಬಂದರೆ ಮೊದಲ ಅರ್ಧ ಗಂಟೆ ‘ಈ ವೇರಿಯಬಲ್ ಯಾಕೆ ಇಟ್ಟಿದ್ದೆ’ ಅಂತ ನೆನಪು ಮಾಡಿಕೊಳ್ಳುವುದಕ್ಕೇ ಹೋಗುತ್ತದೆ, ನನಗಂತೂ.

ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಈ 21ರ ಮೂಲ 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನುವ ಪ್ಲಾಸ್ಟಿಕ್ ಸರ್ಜನ್ ಬರೆದ ಒಂದು ಮಾತು. ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ರೋಗಿಗಳಿಗೆ ಕನಿಷ್ಠ ಅಷ್ಟು ದಿನ ಬೇಕು ಅಂತ ಅವರು ಗಮನಿಸಿದ್ದರು. ಕೋಡಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿದಾಗ ಸಿಕ್ಕಿದ ಸರಾಸರಿ 66 ದಿನ. ಒಬ್ಬೊಬ್ಬರ ಲೆಕ್ಕ 18 ದಿನದಿಂದ 254 ದಿನದವರೆಗೆ ಚಾಚಿತ್ತು (12 ವಾರ ದಾಟಿದ್ದು ಗಣಿತದ ಅಂದಾಜು). ಇಪ್ಪತ್ತೆರಡನೇ ದಿನ ಬೇಜಾರಾದರೆ ನಿಮ್ಮಲ್ಲೇನೋ ಕೊರತೆ ಇದೆ ಅಂದುಕೊಳ್ಳಬೇಡಿ.

ಹಂತ 3: ಹಿಟ್ಟು ರುಬ್ಬಿಡುವುದು

ಇಡೀ ಬರಹದಲ್ಲಿ ಇದೊಂದನ್ನು ಮಾಡಿ ಉಳಿದದ್ದು ಬಿಟ್ಟರೂ ನನಗೆ ಬೇಸರ ಇಲ್ಲ.

ಮೊದಲು ಒಂದು ಹಾಳೆಯಲ್ಲಿ ಮೂವತ್ತು ಪುಟ್ಟ ಕೆಲಸ ಬರೆಯಿರಿ. ಒಂದೊಂದೂ ಒಂದೇ ಸಾಲು. ‘ಪೈಥಾನ್ ಕಲಿ’ ಅಂತ ಬರೆದರೆ ಅದು ಕೆಲಸ ಆಗುವುದಿಲ್ಲ. ‘ಒಂದು ಸಂಖ್ಯೆಯ ಅಂಕಿಗಳನ್ನು ಕೂಡು’ ಅಂದರೆ ಕೆಲಸ. ‘ವಿದ್ಯುತ್ ಬಿಲ್ ಸ್ಲ್ಯಾಬ್ ಲೆಕ್ಕ’, ‘1ರಿಂದ 100ರೊಳಗಿನ ಅವಿಭಾಜ್ಯ ಸಂಖ್ಯೆ’, ‘ಒಂದು ಫೈಲಿನಲ್ಲಿ ಎಷ್ಟು ಸಾಲು ಇದೆ ಎಣಿಸು’ ಇಂಥವು. ಮೂವತ್ತು ಹೊಳೆಯದಿದ್ದರೆ ಶಾಲೆಯ ಏಳನೇ ತರಗತಿ ಗಣಿತದ ಪುಸ್ತಕ ತೆರೆಯಿರಿ, ಬೇಕಾದಷ್ಟು ಸಿಗುತ್ತದೆ.

ಮೊದಲ ತಿಂಗಳು ಆ ಹಾಳೆಯ ಕ್ರಮವನ್ನೇ ಹಿಡಿಯಿರಿ, ದಿನಾ ಆರಿಸಲು ಹೋಗಬೇಡಿ. ಸಂಗೀತ ಪಾಠಕ್ಕೆ ಹೋದವರಿಗೆ ಇದು ಗೊತ್ತಿರುತ್ತದೆ. ಪುರಂದರದಾಸರು ಹಾಕಿಕೊಟ್ಟರು ಅನ್ನುವ ಸರಳೆ, ಜಂಟಿ ವರಸೆಗಳು ಮಾಯಾಮಾಳವಗೌಳದಲ್ಲಿ ಗೊತ್ತಾಗಿ ಕೂತಿವೆ. ಇವತ್ತು ಯಾವ ರಾಗ ಅಂತ ಮಗು ಯೋಚಿಸಬೇಕಾಗಿಲ್ಲ, ಬಾಯಿ ತೆರೆದರೆ ಸಾಕು.

ಎರಡನೆಯ ಭಾಗ ದಿನದ ಕೊನೆಯದು. 20 ನಿಮಿಷದಲ್ಲಿ ಕೊನೆಯ ಮೂರನ್ನು ನಾಳೆಗೆ ಮೀಸಲಿಡಿ. ನಾಳೆಯ ಫೈಲ್ ಈಗಲೇ ತೆರೆಯಿರಿ. ಮೊದಲ ಸಾಲಿನಲ್ಲಿ ಹ್ಯಾಶ್ ಗುರುತು ಹಾಕಿ ಕನ್ನಡದಲ್ಲೇ ಒಂದು ಕಾಮೆಂಟ್ ಬರೆಯಿರಿ: ‘ನಾಳೆ: ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಜೋಡಿಸು’. ಅದರ ಕೆಳಗೆ ಒಂದು ಅಸರ್ಟ್ ಸಾಲು ಹಾಕಿ, ಅಂದರೆ ಉತ್ತರ ಸರಿ ಇದೆಯಾ ಅಂತ ಪರೀಕ್ಷಿಸುವ ಸಾಲು. 3524 ಕೊಟ್ಟರೆ 5432 ಬರಬೇಕು ಅನ್ನುವಂಥದ್ದು. ಆ ಕೆಲಸ ಮಾಡುವ ಕೋಡಿನ ತುಂಡು, ಅಂದರೆ ಫಂಕ್ಷನ್, ಇನ್ನೂ ಬರೆದಿಲ್ಲವಾದ್ದರಿಂದ ಓಡಿಸಿದರೆ ಕೆಂಪು ಅಕ್ಷರದಲ್ಲಿ ಎರರ್ ಬರುತ್ತದೆ. ಬರಲಿ, ಹಾಗೇ ಸೇವ್ ಮಾಡಿ ಮುಚ್ಚಿ. ಬೆಳಗ್ಗೆ ತೆರೆದಾಗ ಖಾಲಿ ಪರದೆ ಇರುವುದಿಲ್ಲ. ಸರಿಮಾಡಬೇಕಾದ ಒಂದು ತಪ್ಪು ಇರುತ್ತದೆ. ಖಾಲಿ ಪರದೆಯ ಮುಂದೆ ಸುಮ್ನೆ ಕೂರುವ ಮನುಷ್ಯ ತಪ್ಪು ಕಂಡರೆ ಕೈ ಹಾಕದೆ ಇರಲಾರ.

ಹಂತ 4: ಒಂದು ವಾರ ಹೇಗೆ ನಡೆಯಿತು ನೋಡಿ

ನನ್ನ ಹಾಳೆಯಲ್ಲಿದ್ದ ಒಂದು ಸಾಲು ಕಾಪ್ರೇಕರ್ ಸ್ಥಿರಾಂಕ. ನಾಸಿಕ್ ಹತ್ತಿರದ ದೇವಲಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ 1949ರಲ್ಲಿ ಕಂಡುಕೊಂಡದ್ದು ಇದು. ನಾಲ್ಕು ಅಂಕಿಯ ಒಂದು ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಒಂದೇ ಅಂಕಿ ಆಗಿರಬಾರದು. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಿಂದ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೇ ಮಾಡಿ. ಹೆಚ್ಚೆಂದರೆ ಏಳು ಸಲಕ್ಕೆ 6174ಕ್ಕೆ ಬಂದು ನಿಲ್ಲುತ್ತದೆ. 3524 ತೆಗೆದುಕೊಂಡರೆ 5432ರಿಂದ 2345 ಕಳೆದು 3087. ಆಮೇಲೆ 8730ರಿಂದ 0378 ಹೋಗಿ 8352. ಆಮೇಲೆ 8532ರಿಂದ 2358 ಹೋಗಿ 6174. ಮೂರೇ ಸಲ.

ಸೋಮವಾರ ಅಂಕಿ ಜೋಡಿಸುವ ಫಂಕ್ಷನ್ ಮಾತ್ರ ಬರೆದೆ. ಮಂಗಳವಾರ ಒಂದು ಸಲ ಕಳೆಯುವುದು. ಬುಧವಾರ ವೈಲ್ ಲೂಪ್, 6174 ಬರುವವರೆಗೆ ಓಡು ಅಂತ. ಕೈಗೆ ಬಂದ ಸಂಖ್ಯೆ ಕೊಟ್ಟು ನೋಡಿದೆ, ಎಲ್ಲವೂ ಸರಿ ಬಂದವು. ಬಲು ಖುಷಿ. ಗುರುವಾರ 2111 ಕೊಟ್ಟೆ. ಪ್ರೋಗ್ರಾಮ್ ನಿಲ್ಲಲೇ ಇಲ್ಲ.

ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿ, ಪ್ರತಿ ಸುತ್ತಿನಲ್ಲೂ ಸಂಖ್ಯೆ ಪ್ರಿಂಟ್ ಆಗುವ ಹಾಗೆ ಮಾಡಿದೆ. 2111ರಿಂದ 1112 ಹೋಗಿ 999. ಮುಂದಿನ ಸುತ್ತು 999ರಿಂದ 999 ಹೋಗಿ 0. ಆಮೇಲೆ ಸೊನ್ನೆಯಿಂದ ಸೊನ್ನೆ, ಸೊನ್ನೆಯಿಂದ ಸೊನ್ನೆ, ಪರದೆ ತುಂಬಾ ಸೊನ್ನೆ. 999 ಅನ್ನುವುದು ಈ ಆಟದಲ್ಲಿ 0999 ಆಗಿರಬೇಕಿತ್ತು. ಪೈಥಾನಿಗೆ ಅದು ಮೂರೇ ಅಂಕಿ. ಸಂಖ್ಯೆಯನ್ನು ಸ್ಟ್ರಿಂಗ್ (ಅಕ್ಷರಗಳ ಸಾಲು) ಮಾಡಿ, ಎಡಕ್ಕೆ ಸೊನ್ನೆ ಸೇರಿಸುವ ಝಡ್‌ಫಿಲ್ ಹಾಕಿ ನಾಲ್ಕಕ್ಕೆ ತುಂಬಿಸಿದೆ. ಆಗ 9990ರಿಂದ 0999 ಹೋಗಿ 8991, ಅಲ್ಲಿಂದ 8082, 8532, ಕೊನೆಗೆ 6174. ಮೂರು ಅಂಕಿ ಒಂದೇ ಇದ್ದು ನಾಲ್ಕನೆಯದು ಒಂದು ಹೆಚ್ಚು ಅಥವಾ ಒಂದು ಕಡಿಮೆ ಇದ್ದಾಗ ಮಾತ್ರ ಈ ತಪ್ಪು ಕಾಣಿಸುತ್ತದೆ. ಅದಕ್ಕೇ ಬುಧವಾರ ಸಿಕ್ಕಿರಲಿಲ್ಲ.

ಒಂದೇ ಸಲಕ್ಕೆ ಎರಡು ಗಂಟೆ ಕೂತು ಮುಗಿಸಿದ್ದರೆ ಬುಧವಾರದ ಖುಷಿಯಲ್ಲೇ ಫೈಲ್ ಮುಚ್ಚುತ್ತಿದ್ದೆ. ಮರುದಿನ ಮತ್ತೆ ಅದೇ ಕೋಡಿನ ಮುಂದೆ ಕೂರಬೇಕಾಯಿತು, ಬೇರೇನೂ ತೋಚದೆ ವಿಚಿತ್ರ ಸಂಖ್ಯೆ ಕೊಟ್ಟೆ. ಶುಕ್ರವಾರ ಫೈಲ್ ನೋಡದೆ ಇಡೀ ಪ್ರೋಗ್ರಾಮನ್ನು ಮೊದಲಿಂದ ಬರೆದೆ. ಈ ಕೊನೆಯದನ್ನು ತಪ್ಪಿಸಬೇಡಿ. ನಿನ್ನೆ ಅರ್ಥವಾಗಿದ್ದು ಇವತ್ತು ಕೈಗೆ ಬರುತ್ತದಾ ಅನ್ನುವುದು ಬೇರೆಯೇ ಪ್ರಶ್ನೆ. ನನಗೆ ಆ ಶುಕ್ರವಾರ ಝಡ್‌ಫಿಲ್ ಹೆಸರೇ ಮರೆತುಹೋಗಿತ್ತು.

ಕನ್ನಡದವರಿಗೆ ಇನ್ನೊಂದು ವಾರಕ್ಕಾಗುವಷ್ಟು ಸರಕು ನಮ್ಮ ಲಿಪಿಯಲ್ಲೇ ಇದೆ. ಎಡದಿಂದಲೂ ಬಲದಿಂದಲೂ ಒಂದೇ ಥರ ಓದುವ ಪದ ಹುಡುಕುವ ಪ್ರೋಗ್ರಾಮ್ ಬರೆಯಿರಿ. ‘ಕನಕ’ ಕೊಟ್ಟರೆ ಹೌದು ಅನ್ನುತ್ತದೆ. ಇನ್ನು ‘ವಿಕಟಕವಿ’ ಕೊಡಿ. ಚಿಕ್ಕ ಮಕ್ಕಳಿಗೂ ಗೊತ್ತಿರುವ ಪದ, ಅಲ್ವಾ? ಪ್ರೋಗ್ರಾಮ್ ಅಲ್ಲ ಅನ್ನುತ್ತದೆ! ಉದ್ದ ಕೇಳಿ ನೋಡಿ, 5 ಬದಲು 7 ಅನ್ನುತ್ತದೆ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್‌ನಲ್ಲಿ ‘ವಿ’ ಒಂದು ಅಕ್ಷರವಾಗಿ ಇಲ್ಲ. ‘ವ’ ಒಂದು, ಗುಡಿಸು ಇನ್ನೊಂದು. ತಿರುಗಿಸಿದಾಗ ಗುಡಿಸು ಮುಂದೆ ಬಂದು ‘ವ’ ಹಿಂದೆ ಹೋಗುತ್ತದೆ. ‘ಕರ್ನಾಟಕ’ ತಿರುಗಿಸಿದರೆ ‘ಕಟಾನ್ರಕ’ ಬರುತ್ತದೆ, ಯಾವುದೋ ರಾಕ್ಷಸನ ಹೆಸರಿನ ಹಾಗೆ. ಸ್ವರಚಿಹ್ನೆ ಬಂದರೆ ಹಿಂದಿನ ವ್ಯಂಜನಕ್ಕೆ ಸೇರಿಸು, ಒತ್ತಕ್ಷರ ಮಾಡುವ ವಿರಾಮ ಚಿಹ್ನೆ (‘್’) ಬಂದರೆ ಮುಂದಿನ ವ್ಯಂಜನವನ್ನೂ ಎಳೆದುಕೋ. ಇಷ್ಟು ನಿಯಮ ಬರೆದರೆ ಅಕ್ಷರ ಬಿಡಿಸುವ ಫಂಕ್ಷನ್ ಸಿದ್ಧ. ದಿನಕ್ಕೊಂದು ನಿಯಮದಂತೆ ಬರೆಯಿರಿ. ಅನುಸ್ವಾರ, ವಿಸರ್ಗಕ್ಕೆ ಇನ್ನೊಂದು ದಿನ.

ಹಂತ 5: ಸಿಕ್ಕಿಹಾಕಿಕೊಂಡಾಗ

ಹತ್ತು ನಿಮಿಷ ಸ್ವಂತ ಗುದ್ದಾಟ. ಪ್ರಿಂಟ್ ಹಾಕಿ, ಕಾಗದದ ಮೇಲೆ ಒಂದೊಂದು ಸುತ್ತು ಬರೆದು ನೋಡಿ. ಆಗಲೂ ಆಗದಿದ್ದರೆ ‘ಇಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಯಾಕೆಂದರೆ’ ಅಂತ ಕಾಮೆಂಟ್ ಶುರು ಮಾಡಿ. ಆ ‘ಯಾಕೆಂದರೆ’ ಬರೆಯುವಾಗಲೇ ಎಷ್ಟೋ ಸಲ ಉತ್ತರ ಹೊಳೆಯುತ್ತದೆ. ಹೊಳೆಯದಿದ್ದರೆ ಅದೇ ನಾಳೆಯ ಹಿಟ್ಟು.

ಚಾಟ್‌ಜಿಪಿಟಿ, ಕೋಪೈಲಟ್‌ನಂಥ ಎಐ ಸಹಾಯಕಗಳ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಕೆಲಸದಲ್ಲಿ ನಾನೂ ಬಳಸುತ್ತೇನೆ. ಈ 20 ನಿಮಿಷ ಮಾತ್ರ ಎಡಿಟರಿನಲ್ಲಿ ಆ ಸಲಹೆಗಳನ್ನು ಆಫ್ ಮಾಡಿಟ್ಟಿರುತ್ತೇನೆ. ಎರಡು ಅಕ್ಷರ ಹೊಡೆದರೆ ಹತ್ತು ಸಾಲು ತಾನೇ ಬಂದು ಕೂತರೆ, ಟ್ಯಾಬ್ ಒತ್ತುವುದು ಬಿಟ್ಟು ನಾನೇನೂ ಕಲಿಯುವುದಿಲ್ಲ. ಎರಡನೇ ದಿನವೂ ಅದೇ ಕಡೆ ಸಿಕ್ಕಿಕೊಂಡಿದ್ದರೆ ಕೇಳಿ. ಕೇಳುವಾಗ ‘ಕೋಡ್ ಬರೆದುಕೊಡಬೇಡ, ಎಲ್ಲಿ ತಪ್ಪಿದೆ ಅಂತ ಒಂದು ಸುಳಿವು ಕೊಡು’ ಅಂತ ಕೇಳಿ. ಸುಳಿವು ಸಿಕ್ಕಿದ ಮೇಲೆ ಆ ಕಿಟಕಿ ಮುಚ್ಚಿ ಬರೆಯಿರಿ.

ವಿಡಿಯೊ ನೋಡುವುದು ಅಭ್ಯಾಸದ ಲೆಕ್ಕಕ್ಕೆ ಬರುವುದಿಲ್ಲ. ಈಜು ಬಗ್ಗೆ ಎಷ್ಟು ವಿಡಿಯೊ ನೋಡಿದರೂ ಮೈ ಒದ್ದೆ ಆಗುವುದಿಲ್ಲವಲ್ಲ.

ಹಂತ 6: ಗುರುತು ಹಾಕುವುದು

ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಗೊತ್ತಿದ್ದರೆ ದಿನಕ್ಕೊಂದು ಕಮಿಟ್ (ಒಂದು ದಾಖಲೆ) ಮಾಡಿ ಗಿಟ್‌ಹಬ್ ಜಾಲತಾಣಕ್ಕೆ ಏರಿಸಿ. ಪ್ರೊಫೈಲಿನಲ್ಲಿ ಹಸಿರು ಚೌಕ ಬೀಳುತ್ತದೆ. ಚೌಕ ಬೀಳದಿದ್ದರೆ ಎರಡು ವಿಷಯ ನೋಡಿ. ಗಿಟ್‌ನಲ್ಲಿ ಹಾಕಿದ ಇಮೇಲ್ ಮತ್ತು ಗಿಟ್‌ಹಬ್ ಖಾತೆಯ ಇಮೇಲ್ ಒಂದೇ ಇರಬೇಕು, ಕಮಿಟ್ ಡಿಫಾಲ್ಟ್ ಬ್ರಾಂಚಿನಲ್ಲಿ ಇರಬೇಕು. ಒಂದು ವಾರ ಚೌಕ ಬೀಳದೆ ನಾನು ಸುಮ್ನೆ ತಲೆ ಕೆಡಿಸಿಕೊಂಡದ್ದು ಆಫೀಸಿನ ಇಮೇಲ್ ಇದ್ದದ್ದಕ್ಕೆ.

ಈ ಚೌಕಗಳು ಚಟ ಹಿಡಿಸುತ್ತವೆ, ಹುಷಾರು. ರಾತ್ರಿ 11.50ಕ್ಕೆ ನೆನಪಾಗಿ, ರೀಡ್‌ಮಿ ಫೈಲಿನಲ್ಲಿ ಒಂದು ಪೂರ್ಣವಿರಾಮ ಸೇರಿಸಿ ಕಮಿಟ್ ಮಾಡಿದ ಮಹಾನುಭಾವ ನಾನೇ. ಗಿಟ್‌ಹಬ್ ಮೊದಲು ಎಷ್ಟು ದಿನ ಸತತವಾಗಿ ಬರೆದಿರಿ ಅನ್ನುವ ಎಣಿಕೆಯನ್ನೂ ತೋರಿಸುತ್ತಿತ್ತು. 2016ರಲ್ಲಿ ಅದನ್ನು ತೆಗೆದುಹಾಕಿತು. ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ.

ನನಗೆ ಹೊಂದಿದ್ದು ಅಡುಗೆಮನೆಯ ಗೋಡೆ ಕ್ಯಾಲೆಂಡರ್. ಹಾಲು ಬರದ ದಿನ, ಗ್ಯಾಸ್ ಸಿಲಿಂಡರ್ ಬಂದ ದಿನ ಗುರುತು ಹಾಕುವ ಅದೇ ಚೌಕದ ಮೂಲೆಯಲ್ಲಿ ಒಂದು ಟಿಕ್, ಪಕ್ಕದಲ್ಲಿ ಒಂದು ಪದ. ‘ಝಡ್‌ಫಿಲ್’, ‘ಗುಡಿಸು’, ಹೀಗೆ. ಬರೀ ಟಿಕ್ ಹಾಕಿದರೆ ಏನು ಕಲಿತೆ ಅಂತ ತಿಂಗಳ ಕೊನೆಗೆ ನೆನಪಿರುವುದಿಲ್ಲ. ಪದ ಇದ್ದರೆ ಇಡೀ ದಿನ ನೆನಪಾಗುತ್ತದೆ. ಮನೆಯವರು ಅದನ್ನು ಓದಿ ನಗುತ್ತಾರೆ, ಅದೂ ಒಂದು ಕಾವಲು.

ಹಂತ 7: ತಪ್ಪಿದ ದಿನ

ತಪ್ಪುತ್ತದೆ. ಮದುವೆ, ಗೌರಿ-ಗಣೇಶ ಹಬ್ಬ, ಪರೀಕ್ಷೆ, ಕರೆಂಟ್ ಹೋದ ಸಂಜೆ. ಲ್ಯಾಲಿಯವರ ಅಧ್ಯಯನದಲ್ಲೇ ಇನ್ನೊಂದು ಮಾತಿದೆ: ಒಂದು ದಿನ ತಪ್ಪಿದರೆ ಅಭ್ಯಾಸ ಕೂರುವುದಕ್ಕೆ ಹೇಳಿಕೊಳ್ಳುವಂಥ ತೊಂದರೆ ಆಗುವುದಿಲ್ಲ. ತೊಂದರೆ ಮಾಡುವುದು ಮರುದಿನ ‘ನಿನ್ನೆಯದೂ ಸೇರಿಸಿ 40 ನಿಮಿಷ ಕೂರುತ್ತೇನೆ’ ಅನ್ನುವ ಶಪಥ. ಬಾಕಿ ತೀರಿಸಲು ಹೋಗಬೇಡಿ. ವಾಪಸ್ ಬಂದ ದಿನ ಐದೇ ನಿಮಿಷ ಕೂರಿ, ಹಳೆಯ ಫೈಲ್ ಒಂದನ್ನು ಓಡಿಸಿ, ನಾಳೆಯ ಕಾಮೆಂಟ್ ಬರೆದು ಎದ್ದುಬಿಡಿ.

ಊರಿಗೆ ಹೋಗುವ ಬಸ್ಸಿನಲ್ಲಿ, ಮೆಟ್ರೊದಲ್ಲಿ ನಿಂತಾಗ ಟೈಪ್ ಮಾಡಲು ಆಗುವುದಿಲ್ಲ. ಆಗ ಒಂದು ಲೂಪ್ ಮನಸ್ಸಿನಲ್ಲೇ ಓಡಿಸಿ, ಉತ್ತರ ಊಹಿಸಿ ಫೋನಿನಲ್ಲಿ ಬರೆದಿಡಿ. ಮನೆಗೆ ಹೋಗಿ ಓಡಿಸಿದಾಗ ಊಹೆ ತಪ್ಪಿದ್ದರೆ ಇನ್ನೂ ಒಳ್ಳೆಯದು, ನಾಳೆಗೆ ಕೆಲಸ ಸಿಕ್ಕಿತು.

ಹಂತ 8: ಹಾಳೆ ಖಾಲಿ ಆದ ಮೇಲೆ

ಎರಡನೇ ತಿಂಗಳಿಗೆ ಹೊರಗಿನ ಲೆಕ್ಕಗಳು ಬೇಕಾಗುತ್ತವೆ, ಅದಕ್ಕೆ ಕೆಲವು ವೆಬ್‌ಸೈಟುಗಳಿವೆ. ಗಣಿತ ಇಷ್ಟವಿದ್ದರೆ 2001ರಿಂದ ಇರುವ ಪ್ರಾಜೆಕ್ಟ್ ಆಯ್ಲರ್. ಮೊದಲ ಲೆಕ್ಕ 1000ಕ್ಕಿಂತ ಕಡಿಮೆ ಇರುವ, 3 ಅಥವಾ 5ರಿಂದ ಭಾಗವಾಗುವ ಸಂಖ್ಯೆಗಳ ಮೊತ್ತ. ಉತ್ತರ 233168. ಅದಕ್ಕಿಂತ ಜಾಸ್ತಿ ಬಂದರೆ 15, 30 ಅಂಥವನ್ನು ಎರಡು ಸಲ ಕೂಡಿದ್ದೀರಿ. ಇನ್ನೊಬ್ಬರು ನಿಮ್ಮ ಕೋಡ್ ಓದಿ ಹೇಳಬೇಕು ಅಂದರೆ ಎಕ್ಸರ್ಸಿಸಂ. ಉಚಿತ, ಮಾರ್ಗದರ್ಶಕರೂ ಸಿಗುತ್ತಾರೆ. ಸ್ಪರ್ಧೆ ಬೇಕಾದವರಿಗೆ 2009ರಲ್ಲಿ ನಮ್ಮ ದೇಶದಲ್ಲೇ ಶುರುವಾದ ಕೋಡ್‌ಶೆಫ್ ಇದೆ. ಇಂಟರ್‌ವ್ಯೂ ಹತ್ತಿರ ಇದ್ದರೆ ಲೀಟ್‌ಕೋಡ್. ಆದರೆ ಅದರಲ್ಲಿ ದಿನಾ ಬರುವ ಲೆಕ್ಕ ಕೆಲವು ದಿನ ತೀರಾ ಕಠಿಣ ಇರುತ್ತದೆ, ಹೊಸಬರು ಅದನ್ನೇ ಗೂಟ ಮಾಡಿಕೊಳ್ಳಬಾರದು.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ಕೂರಿಸಿದ್ದು ಮನೆಯದೇ ಒಂದು ಲೆಕ್ಕ. ನಮ್ಮ ಮಾವನದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಮಲೆನಾಡಿನ ತೋಟದವರ ಹಾಗೆ ಅವರೂ ದಿನಾ ಬೆಳಗ್ಗೆ ಮಳೆ ಅಳೆದು ಬರೆದಿಡುತ್ತಾರೆ. ಇಂಚು ಮತ್ತು ಸೆಂಟ್ ಲೆಕ್ಕ, ನೂರು ಸೆಂಟ್ ಅಂದರೆ ಒಂದು ಇಂಚು. ಹಳೆಯ ಡೈರಿಗಳನ್ನು ದಿನಕ್ಕೊಂದು ಪುಟ ಟೈಪ್ ಮಾಡಿ, ಮಿಲಿಮೀಟರಿಗೆ ಬದಲಾಯಿಸಿ, ತಿಂಗಳ ಮೊತ್ತ ತೆಗೆಯುವ ಪ್ರೋಗ್ರಾಮ್ ಶುರು ಮಾಡಿದೆ. ಜುಲೈ ತಿಂಗಳ ಮೊತ್ತ ತೋರಿಸಿದೆ. ಮಾವ ಕನ್ನಡಕ ಏರಿಸಿ ನೋಡಿ, ‘ಇಷ್ಟು ಹೊಯ್ದಿಲ್ಲ ಮಾರಾಯ’ ಅಂದರು.

ಡೈರಿಯಲ್ಲಿ ಒಂದು ದಿನ ‘1-5’ ಅಂತ ಇತ್ತು. ನಡುವಿನ ಗೆರೆ ತೆಗೆದು ಚುಕ್ಕಿ ಹಾಕು ಅಂತ ನಾನು ಬರೆದಿದ್ದೆ. ಪ್ರೋಗ್ರಾಮ್ ಅದನ್ನು 1.5 ಇಂಚು ಅಂದುಕೊಂಡು 38.1 ಮಿಲಿಮೀಟರ್ ಮಾಡಿತ್ತು. ಮಾವನ ಲೆಕ್ಕದಲ್ಲಿ ಅದು ಒಂದು ಇಂಚು ಐದು ಸೆಂಟ್, ಅಂದರೆ 1.05 ಇಂಚು, 26.67 ಮಿಲಿಮೀಟರ್. ಅಷ್ಟು ಹೊತ್ತಿಗೆ 17 ನಿಮಿಷ ಆಗಿತ್ತು. ಹೊಸ ಫೈಲ್ ತೆರೆದು ಮೊದಲ ಸಾಲು ಬರೆದೆ: ‘ನಾಳೆ: ಸೆಂಟಿಗೆ ಎರಡು ಅಂಕಿ ತುಂಬಿಸು. ಅದೇ ಝಡ್‌ಫಿಲ್.’